ಅಪ್ಪೆಮಿಡಿಯ ವಂಶ

ಮಲೆನಾಡಿನ ಮನೆಗಳಿಗೆ ಅತಿಥಿಗಳಾಗಿ ಹೋದವರು ಎಲೆಯ ತುದಿಯಲ್ಲಿ ಬಡಿಸಿದ ಒಂದೇ ಒಂದು ಮಾವಿನ ಮಿಡಿಯನ್ನು ಕಂಡು, ಆತಿಥೇಯರ ಕೈ ಬಿಗಿಯೇನೋ ಎಂದು ಶಂಕಿಸಿರಬಹುದು. ತೊಟ್ಟು ಹಿಡಿದು ಕಚ್ಚಿದೊಡನೆ ಆ ಶಂಕೆ ಪರಿಹಾರವಾಗುತ್ತದೆ. ಒಂದು ಮಿಡಿಯಲ್ಲಿ ಎರಡು ಸಲದ ಮೊಸರನ್ನ ಮುಗಿದಿರುತ್ತದೆ! ಜೀರಿಗೆಯನ್ನೇ ಹಾಕದ ಉಪ್ಪಿನಕಾಯಿಯಲ್ಲಿ ಜೀರಿಗೆಯ ಪರಿಮಳ ಬಂದದ್ದು ಹೇಗೆ ಎಂಬ ವಿಸ್ಮಯವೊಂದು ಮಾತ್ರ ಉಳಿಯುತ್ತದೆ.

ಇದೇ ಅಪ್ಪೆಮಿಡಿ. ಶರಾವತಿ, ಅಘನಾಶಿನಿ, ವರದಾ ಮೊದಲಾದ ನದಿಗಳ ಆಸುಪಾಸಿನಲ್ಲಿ, ಸಾಗರ, ಹೊಸನಗರ, ಸಿದ್ದಾಪುರ, ಶಿರಸಿ ಸೀಮೆಗಳಲ್ಲಿ ತಾನಾಗಿ ಬೆಳೆದ ಕಾಡುಮಾವು. ಇದರ ಹಣ್ಣನ್ನು ಯಾರೂ ಬಯಸುವುದಿಲ್ಲ. ಹಣ್ಣಾಗುವವರೆಗೆ ಕಾಯುವವರೂ ಇಲ್ಲ. ಜೀರಿಗೆಯ ವಾಸನೆಯದು ಜೀರಿಗೆ ಮಿಡಿ, ಕರ್ಪೂರದ ವಾಸನೆಯದು ಕರ್ಪೂರ ಮಿಡಿ. ಕೆಲವು ಮರಗಳು ಒಡೆಯನ ಹೆಸರನ್ನೇ ಹೊತ್ತು ನಿಂತಿವೆ. ಅನಂತಭಟ್ಟನ ಅಪ್ಪೆಯ ಹೆಸರನ್ನು ಕೇಳದ ಮಲೆನಾಡಿಗನಿರಲಾರ.

ಪರಿಮಳದ ಗುಟ್ಟು ಇರುವುದು ಸೊನೆಯಲ್ಲಿ. ಮೈಗೆ ತಾಗಿದರೆ ಸುಡುವ ಆ ಸೊನೆಯಲ್ಲೇ ಸುವಾಸನೆಯ ತೈಲಾಂಶ ಅಡಗಿದೆ. ಆದುದರಿಂದಲೇ ಮಿಡಿಯನ್ನು ಉದ್ದ ತೊಟ್ಟಿನೊಂದಿಗೆ ಕೊಯ್ದು, ಬುಟ್ಟಿಯಲ್ಲಿಟ್ಟು, ಹಗ್ಗದಿಂದ ಮೆಲ್ಲನೆ ಇಳಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಮೆತ್ತಗಾಗಿ ನೆರೆಯವನ್ನೂ ಕೆಡಿಸುತ್ತದೆ. ಶೀತದೇಶಗಳ ಗೃಹಿಣಿಯರೂ ಹಿತ್ತಿಲಿನ ಕಾಡುಸೇಬನ್ನು ಹೀಗೆಯೇ ತೊಟ್ಟುಸಹಿತ ಇಡಿಯಾಗಿ ವಿನಿಗರ್ ಮತ್ತು ಸಕ್ಕರೆಯ ಪಾಕದಲ್ಲಿ ಹಾಕಿಡುವುದುಂಟು. ಆದರೆ ಬಿಸಿಪಾಕದಲ್ಲಿ ಸಿಪ್ಪೆ ಬಿರಿಯದಿರಲೆಂದು ಅವರು ಹಣ್ಣನ್ನು ಮೊದಲೇ ಸೂಜಿಯಿಂದ ಚುಚ್ಚುತ್ತಾರೆ. ನಮ್ಮ ಮಿಡಿಗೆ ಸೂಜಿ ತಾಗಿದರೆ ಸೊನೆ ಹೋಯಿತು. ಸೊನೆ ಹೋದ ಮೇಲೆ ಉಳಿಯುವುದು ಬರಿಯ ಹುಳಿ.

ತೊಳೆದು, ನೆರಳಿನಲ್ಲಿ ನೀರಾರಿಸಿ, ತೊಟ್ಟನ್ನು ಚಿಕ್ಕದಾಗಿ ಉಳಿಸಿ ಕತ್ತರಿಸಿದ ಮಿಡಿಗೆ ಕಲ್ಲುಪ್ಪು ಬೀಳಬೇಕು. ನಮ್ಮ ಸೋದರತ್ತೆಯ ಲೆಕ್ಕ ನಾಲ್ಕು ಸೇರು ಮಿಡಿಗೆ ಒಂದು ಸೇರು ಉಪ್ಪು. ಒಂದು ಪದರ ಮಿಡಿ, ಒಂದು ಪದರ ಉಪ್ಪು, ಮೇಲೊಂದು ಭಾರದ ಕಲ್ಲು. ಉಪ್ಪು ಮಿಡಿಯೊಳಗಿನ ನೀರನ್ನು ಹೊರಕ್ಕೆಳೆಯುತ್ತದೆ. ಹತ್ತು ಹದಿನೈದು ದಿನಗಳಲ್ಲಿ ಮಿಡಿ ತನ್ನ ರಸದಲ್ಲಿ ತಾನೇ ಮುಳುಗಿ, ಮುದುಕಿಯ ಕೆನ್ನೆಯಂತೆ ಸುಕ್ಕುಗಟ್ಟುತ್ತದೆ. ಅನಂತರ ಆ ಉಪ್ಪುನೀರನ್ನು ಬಸಿದು, ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ, ಬ್ಯಾಡಗಿ ಮೆಣಸಿನಕಾಯಿ, ಅರಿಸಿನಗಳನ್ನು ಅರೆದು ಬೆರೆಸಬೇಕು. ಎಣ್ಣೆಯ ಸೋಂಕಿಲ್ಲ. ಮಿಡಿಯನ್ನೇ ಕುದಿಸುವಂತಿಲ್ಲ, ಕುದಿಸಿದರೆ ಮೆತ್ತಗಾಗಿ ಪರಿಮಳವೂ ಹಾರಿಹೋಗುತ್ತದೆ. ಫ್ರಾನ್ಸಿನ ನಿಕೊಲಾ ಅಪೇರ್ ಎಂಬಾತ ಆಹಾರವನ್ನು ಗಾಜಿನ ಸೀಸೆಯಲ್ಲಿ ಭದ್ರಪಡಿಸಿ ಕಾಯಿಸಿ ಕೆಡದಂತೆ ಇಡುವ ವಿಧಾನವನ್ನು 1810ರಲ್ಲಿ ಪ್ರಕಟಿಸಿದನಷ್ಟೆ. ಅದು ಕೆಡದಿರಲು ಕಾರಣವೇನೆಂಬುದು ಸ್ಪಷ್ಟವಾದದ್ದು 1860ರ ದಶಕದಲ್ಲಿ, ಪಾಶ್ಚರನ ಸೂಕ್ಷ್ಮಜೀವಿ ಸಂಶೋಧನೆಯಿಂದ. ಅತ್ತೆ ಇವರಿಬ್ಬರ ಹೆಸರನ್ನೂ ಕೇಳಿದವಳಲ್ಲ. ಆದರೆ ಒದ್ದೆ ಸೌಟನ್ನು ಭರಣಿಗೆ ಹಾಕಿದವರನ್ನು ಅವಳು ಕ್ಷಮಿಸಿದ್ದನ್ನು ನಾನು ಕಂಡಿಲ್ಲ.

ಹೀಗೆ ಮಿಡಿಯನ್ನು ವರ್ಷಗಟ್ಟಲೆ ಕಾಪಾಡುವ ವಿದ್ಯೆ ನಮಗೆ ಕರತಲಾಮಲಕ. ಮರದ ಗತಿಯೇನು? ಇಲ್ಲಿ ಒಂದು ವಿಪರೀತವನ್ನು ಗಮನಿಸಬೇಕು. ಮಿಡಿ ಕೊಯ್ಯುವುದು ಗೊರಟು ಬಲಿಯುವುದಕ್ಕೆ ಮುನ್ನ. ಮರ ಶ್ರೇಷ್ಠವಾದಷ್ಟೂ ಅದರಲ್ಲಿ ಕಾಯಿ ಉಳಿಯುವುದು ಕಡಿಮೆ. ಅಂದರೆ ಎಲ್ಲರೂ ಹೊಗಳುವ ಮರವೇ ಸಂತಾನಹೀನ! ಹೇಗೋ ತಪ್ಪಿಸಿಕೊಂಡ ಒಂದು ಹಣ್ಣಿನ ಗೊರಟು ಮೊಳೆತರೂ ತಾಯಿಯ ಗುಣ ಮಗುವಿಗೆ ಬಂದೀತೆಂಬ ಭರವಸೆಯಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಕಣಿವೆ ಮುಳುಗಿದಾಗ ಮನೆ ಬಿಟ್ಟವರು ಭರಣಿಗಳನ್ನು ಗಾಡಿಗೇರಿಸಬಹುದಾಗಿತ್ತು. ಹೊಳೆದಂಡೆಯ ಮರವನ್ನು ಗಾಡಿಗೇರಿಸುವುದೆಂತು?

ನೀರಿಗಿಂತಲೂ ಹತ್ತಿರದ ಶತ್ರು ಕೊಡಲಿ. ಸಾಗರದ ಕಡೆ ಅತ್ತೆಯ ಮನೆಯ ಕೆಳಗೆ ಹಳ್ಳದಂಚಿನಲ್ಲಿ ಒಂದು ಜೀರಿಗೆ ಅಪ್ಪೆ ಇತ್ತು. 2012ರಲ್ಲಿ ಮಿಡಿಯ ಗುತ್ತಿಗೆ ಹಿಡಿದವರ ಆಳುಗಳು, ತುದಿಗೇರಿ ಕೊಯ್ಯುವ ಕಷ್ಟವೇಕೆಂದು, ಕೊಂಬೆಗಳನ್ನೇ ಕಡಿದು ಕೆಡವಿ, ನೆಲದಲ್ಲಿ ಕುಳಿತು ಮಿಡಿ ಬಿಡಿಸಿದರು. ಅತ್ತೆ ಊಟದ ಹೊತ್ತಿಗೆ ಹೋಗಿ ನೋಡಿದಾಗ ಬರಿಯ ಕಾಂಡ ನಿಂತಿತ್ತು. ಅವಳು ಯಾರನ್ನೂ ಬೈಯಲಿಲ್ಲ. ಗುತ್ತಿಗೆಯ ಹಣವನ್ನು ಎಣಿಸದೆ ದೇವರ ಗೂಡಿನಲ್ಲಿಟ್ಟಳು. ಅದು ಬಹುದಿನ ಅಲ್ಲೇ ಇತ್ತು.

ಮರುವರ್ಷ ಆ ಕಾಂಡ ಎರಡು ಮೂರು ಕಡೆ ಚಿಗುರಿತು. ಅತ್ತೆಯ ಮಗ ಮಳೆಗಾಲದಲ್ಲಿ ಮೊಗ್ಗು ಉಬ್ಬಿದ ಕುಡಿಗಳನ್ನು ಆರಿಸಿ, ತುದಿಯನ್ನು ಬೆಣೆಯಂತೆ ಕೊರೆದು, ಸಾಮಾನ್ಯ ಮಾವಿನ ಎಳೆಯ ಸಸಿಗಳ ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿದ. ಬೇರು ಯಾವುದೇ ಇರಲಿ, ಕಸಿಯ ಮೇಲಿನ ಭಾಗ ತಾಯಿಮರದ್ದೇ, ಮಿಡಿಯೂ ಅದರದ್ದೇ. ಏಳು ಸಸಿಗಳಲ್ಲಿ ಮೂರು ಬದುಕಿದವು. ಹಳೆಯ ಕಾಂಡ ಅಷ್ಟರಲ್ಲಿ ಒಣಗಿತು.

2017ರ ಫಾಲ್ಗುಣದಲ್ಲಿ ಆ ಮೂರರಲ್ಲೊಂದು ಗಿಡ ಹನ್ನೊಂದು ಮಿಡಿ ಬಿಟ್ಟಿತು. ಮೊದಲ ಫಲವನ್ನು ಹಣ್ಣಾಗಲು ಬಿಡೋಣವೆಂದು ಮಗ ಹೇಳಿದ. ಅತ್ತೆ ಕಿವಿಗೊಡಲಿಲ್ಲ. ಒಂದರ ತೊಟ್ಟು ಮುರಿದು, ಸೊನೆಯನ್ನು ಮೂಸಿ, ನನ್ನ ಮೂಗಿಗೂ ಹಿಡಿದಳು. ಜೀರಿಗೆಯೇ. ಹತ್ತು ಮಿಡಿಗಳನ್ನು ಹಾರ್ಲಿಕ್ಸಿನ ಹಳೆಯ ಸೀಸೆಗೆ ಹಾಕಿದಳು. ಉಪ್ಪು ಅಳೆಯಲು ಆ ವರ್ಷ ಸೇರು ಬೇಕಾಗಲಿಲ್ಲ, ಚಮಚವೇ ಸಾಕಾಯಿತು.