ಮುಷ್ಟಿಯ ಕಾಲದ ಕೊನೆಯ ದಾದಾ

1989ರ ನವೆಂಬರ್ 21ರಂದು ಬೆಂಗಳೂರಿನ ಲಾಲ್‌ಬಾಗ್ ಸಮೀಪ ಅಂಬಾಸಿಡರ್ ಕಾರಿನಲ್ಲಿ ಹೋಗುತ್ತಿದ್ದ ಎಂ.ಪಿ. ಜಯರಾಜ್ ಮೇಲೆ ಗುಂಡಿನ ಮಳೆಗರೆಯಲಾಯಿತು. ಆತ ಸತ್ತ. ಜೊತೆಯಲ್ಲಿದ್ದ ವಕೀಲರೂ ಸತ್ತರು. ಚುನಾವಣೆಯ ದಿನಗಳವು. ಜಯನಗರ ಕ್ಷೇತ್ರದಲ್ಲಿ ಜಯರಾಜ್ ಪಕ್ಷೇತರ ಅಭ್ಯರ್ಥಿಯಾಗಿ ಕಣಕ್ಕಿಳಿದಿದ್ದ. ಮಚ್ಚು, ಚಾಕು, ಸೈಕಲ್ ಚೈನುಗಳ ಸುದ್ದಿಯನ್ನಷ್ಟೇ ಕೇಳಿ ಗೊತ್ತಿದ್ದ ಊರಿಗೆ ನಡುಬೀದಿಯಲ್ಲಿ ಬಂದೂಕು ಹೊಸದು. ಬೆಂಗಳೂರಿನ ರೌಡಿಗಳ ಚರಿತ್ರೆಯನ್ನು ಈ ದಿನದ ಹಿಂದಿನದು, ಮುಂದಿನದು ಎಂದು ಎರಡು ಭಾಗ ಮಾಡಿದರೆ ತಪ್ಪಾಗಲಾರದು.

ಹಿಂದಿನ ಭಾಗ ಶುರುವಾಗುವುದು ಮೈಬಲದಿಂದ. ಹಳೆಯ ಪೇಟೆಯ ಬೀದಿಗಳಲ್ಲಿ ಗರಡಿಮನೆಗಳಿದ್ದವು. ಕೆಲವು ಇಂದಿಗೂ ಇವೆ. ಅರಿಶಿನ, ಎಣ್ಣೆ ಬೆರೆಸಿ ಹದಮಾಡಿದ ಕೆಮ್ಮಣ್ಣು, ಗೋಡೆಗೆ ಒರಗಿಸಿದ ಗದೆ, ಮೂಲೆಯಲ್ಲಿ ಹನುಮಂತ, ಬಾಗಿಲಲ್ಲಿ ಗದರುವ ಉಸ್ತಾದ್. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯ ಕರಗಕ್ಕೆ ಕತ್ತಿ ಹಿಡಿದು ಹೊರಡುವ ವೀರಕುಮಾರರು ಸಾಮು ಮಾಡಿದ್ದು ಇಂಥ ಗರಡಿಗಳಲ್ಲೇ. ಗರಡಿಯಲ್ಲಿ ಬೆಳೆದವರೆಲ್ಲ ಪುಂಡರಾದರು ಎಂದರೆ ದೊಡ್ಡ ಅನ್ಯಾಯವಾದೀತು. ಬೀದಿಜಗಳಕ್ಕೆ ಕೈಯೆತ್ತಿದ ಹುಡುಗನನ್ನು ಮಣ್ಣಿಗೆ ಇಳಿಯಗೊಡದ ಉಸ್ತಾದರೇ ಹೆಚ್ಚು. ಆದರೆ ಪೇಟೆಯಲ್ಲಿ ಒಬ್ಬನ ಮರ್ಯಾದೆಯನ್ನು ಅವನ ತೋಳಿನಿಂದ ಅಳೆಯುವ ರೂಢಿ ಬೆಳೆದದ್ದರಲ್ಲಿ ಗರಡಿಯ ಪಾಲೂ ಇದೆ. ಅಂಗಡಿಯವನ ಬಾಕಿ ವಸೂಲಿ, ಮನೆ ಖಾಲಿ ಮಾಡಿಸುವ ತಕರಾರು, ಜಾತ್ರೆಯ ಬಂದೋಬಸ್ತು, ಚುನಾವಣೆಯ ಗಲಾಟೆ, ಎಲ್ಲಕ್ಕೂ ‘ಕೈ ಇರುವ’ ಒಬ್ಬ ಬೇಕಾಗುತ್ತಿದ್ದ.

ಮುಷ್ಟಿಯುದ್ಧ ಈ ನಾಡಿಗೆ ಹೊಸತಲ್ಲ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ತಲೆ ಬೋಳಿಸಿಕೊಂಡ ಜಟ್ಟಿಗಳು ವಜ್ರಮುಷ್ಟಿ ಕಾಳಗಕ್ಕೆ ಇಳಿಯುತ್ತಾರೆ. ಬೆರಳುಗಳಿಗೆ ತೊಟ್ಟ ಮೊನಚು ಆಯುಧದಿಂದ ಎದುರಾಳಿಯ ತಲೆಗೆ ಗುದ್ದುವ ಕಾಳಗ ಅದು. ಆದರೆ ಅದಕ್ಕೊಂದು ಕಟ್ಟುಪಾಡಿದೆ. ಯಾರ ತಲೆಯಿಂದಲಾದರೂ ಮೊದಲ ಹನಿ ರಕ್ತ ಕಾಣಿಸಿದೊಡನೆ ಕಾಳಗ ನಿಲ್ಲುತ್ತದೆ. ನಿಲ್ಲಿಸಲು ಹಿರಿಯರು ಪಕ್ಕದಲ್ಲೇ ಇರುತ್ತಾರೆ. ಬೀದಿಯ ಮುಷ್ಟಿಗೆ ಇಲ್ಲದೆ ಹೋದದ್ದು ಈ ನಿಲುಗಡೆ. ಅಲ್ಲಿ ಮೊದಲ ರಕ್ತ ಕಂಡಾಗ ಜಗಳ ಮುಗಿಯುವುದಿಲ್ಲ, ಶುರುವಾಗುತ್ತದೆ. ಇವತ್ತು ಹೊಡೆಸಿಕೊಂಡವನು ನಾಳೆ ನಾಲ್ಕು ಜನರನ್ನು ಕರೆತರುತ್ತಾನೆ. ನಾಳಿದ್ದು ಅವರ ಕೈಯಲ್ಲಿ ಚೈನು ಇರುತ್ತದೆ, ಆಮೇಲೆ ಲಾಂಗು.

ಬೀದಿಯ ಈ ಬಲಕ್ಕೆ ರಾಜಾಶ್ರಯ ಸಿಕ್ಕಿದ್ದು ಎಪ್ಪತ್ತರ ದಶಕದಲ್ಲಿ. 1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು. ಉಳುವವನಿಗೆ ಭೂಮಿ ಕೊಟ್ಟ, ಹಿಂದುಳಿದವರಿಗೆ ದಾರಿ ತೆರೆದ ಆಡಳಿತ ಅದು. ಅದೇ ಆಡಳಿತದ ನೆರಳಲ್ಲಿ ‘ಇಂದಿರಾ ಬ್ರಿಗೇಡ್’ ಎಂಬ ಪಡೆಯೂ ಬೆಳೆಯಿತು. ಅರಸರ ಅಳಿಯ ಎಂ.ಡಿ. ನಟರಾಜ್ ಅದರ ಮುಂದಾಳು. ವಿರೋಧಿಗಳ ಸಭೆ ಕೆಡಿಸಲು, ಸ್ವಪಕ್ಷದ ಭಿನ್ನರ ಬಾಯಿ ಮುಚ್ಚಿಸಲು ತೋಳು ಬೇಕಿತ್ತು, ಜಯರಾಜನ ಬಳಿ ತೋಳಿತ್ತು. ಅಲ್ಲಿಯವರೆಗೆ ಒಂದು ಬೀದಿಗೆ, ಹೆಚ್ಚೆಂದರೆ ಒಂದು ಮಾರುಕಟ್ಟೆಗೆ ದೊಡ್ಡವನಾಗಿದ್ದವನು ಇಡೀ ಊರಿಗೆ ದೊಡ್ಡವನಾದ. ಎರಡು ಮಾತು ಜೋರಾಗಿ ಆಡಿದರೆ ಪೊಲೀಸರು ಎಳೆದೊಯ್ಯುತ್ತಿದ್ದ ತುರ್ತುಪರಿಸ್ಥಿತಿಯ ಕಾಲದಲ್ಲಿ ಈ ಪಡೆಯ ಹುಡುಗರಿಗೆ ಪೊಲೀಸರ ಭಯವಿರಲಿಲ್ಲ. ಇದನ್ನು ನಾವು ಇಂದಿಗೂ ‘ಭೂಗತ ಲೋಕ’ ಎನ್ನುತ್ತೇವೆ! ಹಾಡಹಗಲೇ, ಎಲ್ಲರ ಕಣ್ಣೆದುರು, ಅಧಿಕಾರಸ್ಥರ ಪಕ್ಕದಲ್ಲೇ ನಡೆದ ವ್ಯವಹಾರಕ್ಕೆ ಇಷ್ಟು ತಪ್ಪು ಹೆಸರು ಬೇರೊಂದಿರಲಾರದು.

ಆದರೆ ಆಶ್ರಯಕ್ಕೂ ಒಂದು ಅಂಚಿರುತ್ತದೆ, ಜಯರಾಜ್ ಅದನ್ನು ದಾಟಿದ. ತಿಗಳರಪೇಟೆ ಗೋಪಿ ಎಂಬ ಎದುರಾಳಿಯ ಮೇಲೆ ನ್ಯಾಯಾಲಯದಲ್ಲೇ ಆತ ಮತ್ತು ಅವನ ಹುಡುಗರು ಎರಗಿದರು. ಬೀದಿಯಲ್ಲಿ ಸಾಕ್ಷಿಗಳು ಮರೆಯುತ್ತಾರೆ, ಹೇಳಿಕೆ ತಿರುಗಿಸುತ್ತಾರೆ. ನ್ಯಾಯಾಲಯದ ಆವರಣದಲ್ಲಿ ಹಾಗೆ ಮರೆಯುವುದು ಸುಲಭವಲ್ಲ. ಶಿಕ್ಷೆಯಾಯಿತು, ಜಯರಾಜ್ ಜೈಲು ಸೇರಿದ.

ಆಗಿನ ಸೆಂಟ್ರಲ್ ಜೈಲು ಇದ್ದದ್ದು ಶೇಷಾದ್ರಿ ರಸ್ತೆಯಲ್ಲಿ, ಊರಿನ ನಟ್ಟನಡುವೆ. 1975ರಲ್ಲಿ ಲಾಲ್‌ಕೃಷ್ಣ ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಇಟ್ಟಿದ್ದು ಇಲ್ಲೇ. ರಂಗಭೂಮಿ ಮತ್ತು ಚಿತ್ರನಟಿ ಸ್ನೇಹಲತಾ ರೆಡ್ಡಿ ಆರೋಗ್ಯ ಕಳೆದುಕೊಂಡು, 1977ರ ಆರಂಭದಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡದ್ದು ಇದೇ ಗೋಡೆಗಳೊಳಗಿನ ಸೆರೆವಾಸದಿಂದ. ಹೀಗೆ ರಾಜಕಾರಣವನ್ನು ಎದುರಿಸಿದವರನ್ನೂ ರಾಜಕಾರಣಕ್ಕಾಗಿ ಹೊಡೆದಾಡಿದವನನ್ನೂ ಅದೇ ಜೈಲು ಕಂಡಿತು. ಸಾಮಾನ್ಯ ಕೈದಿಗೆ ಜೈಲೆಂದರೆ ಬದುಕಿನಿಂದ ಕಳೆದುಹೋದ ವರ್ಷಗಳು. ಹೆಸರುಳ್ಳ ರೌಡಿಗೆ ಹಾಗಲ್ಲ. ಒಳಗೆ ಹೊಸ ಹುಡುಗರು ಸಿಗುತ್ತಾರೆ, ಹೊರಗೆ ಹೆಸರು ಕಥೆಯಾಗಿ ಬೆಳೆಯುತ್ತದೆ. ಆದರೆ ಜಾಗ ಮಾತ್ರ ಖಾಲಿ ಉಳಿಯುವುದಿಲ್ಲ. ಜಯರಾಜ್ ಒಳಗಿದ್ದಾಗ ಕೊತ್ವಾಲ್ ರಾಮಚಂದ್ರನ ಹೆಸರು ಮೇಲೆದ್ದಿತು. ಎಣ್ಣೆ ಕಲಬೆರಕೆಯ ದುಡ್ಡಿನಿಂದ ಆಯಿಲ್ ಕುಮಾರ ಬೆಳೆದ. ಈ ಎರಡನೆಯದು ಗಮನಿಸಬೇಕಾದ ಬದಲಾವಣೆ. ತೋಳಿನಿಂದ ದುಡ್ಡು ಹುಟ್ಟುತ್ತಿದ್ದ ಕಾಲ ಹೋಗಿ ದುಡ್ಡೇ ತೋಳನ್ನು ಬಾಡಿಗೆಗೆ ತರುವ ಕಾಲ ಬಂದಿತ್ತು.

ಎಂಬತ್ತರ ದಶಕದ ನಡುಭಾಗದಲ್ಲಿ ಬಿಡುಗಡೆಯಾಗಿ ಬಂದ ಜಯರಾಜನ ಮುಂದಿನ ನಡೆ ಕುತೂಹಲದ್ದು. ಆತ ಪತ್ರಿಕೆ ಹೊರಡಿಸಿದ. ಅದರ ಹೆಸರು ‘ಗರೀಬಿ ಹಟಾವೋ’. ಇಂದಿರಾ ಗಾಂಧಿಯವರ 1971ರ ಘೋಷಣೆಯನ್ನು ಬ್ರಿಗೇಡಿನ ಹಳೆಯ ಆಳು ತನ್ನ ಪತ್ರಿಕೆಯ ತಲೆಯ ಮೇಲೆ ಅಚ್ಚು ಹಾಕಿಸಿಕೊಂಡಿದ್ದ. ಇದನ್ನು ಬರೀ ಬೆದರಿಕೆಯ ಸಾಧನವೆಂದು ತಳ್ಳಿಹಾಕುವವರಿದ್ದಾರೆ. ಅಷ್ಟೇ ಆಗಿರಲಾರದು. ಪತ್ರಿಕೆ, ಆಮೇಲೆ ಚುನಾವಣೆಯ ನಾಮಪತ್ರ, ಇವೆರಡರ ಹಿಂದೆಯೂ ಇದ್ದದ್ದು ಒಂದೇ ಹಂಬಲ ಎನಿಸುತ್ತದೆ. ಹೆದರಿ ಕೊಟ್ಟ ಮರ್ಯಾದೆಯನ್ನು ಹೆದರದೆ ಕೊಡುವ ಮರ್ಯಾದೆಯಾಗಿ ಬದಲಾಯಿಸಿಕೊಳ್ಳುವ ಹಂಬಲ ಅದು. ಆದರೆ ಹಳೆಯ ಲೆಕ್ಕಗಳು ಅದಕ್ಕೆ ಬಿಡುವು ಕೊಡಲಿಲ್ಲ. 1986ರ ಮಾರ್ಚ್‌ನಲ್ಲಿ ಕೊತ್ವಾಲ್ ರಾಮಚಂದ್ರನ ಕೊಲೆಯಾಯಿತು. ಆ ದಿನಗಳನ್ನು ಒಳಗಿನಿಂದ ಕಂಡ ಅಗ್ನಿ ಶ್ರೀಧರ್ ಮುಂದೆ ‘ದಾದಾಗಿರಿಯ ದಿನಗಳು’ ಕೃತಿಯಲ್ಲಿ ಅದನ್ನೆಲ್ಲ ಬರೆದರು. 2007ರ ‘ಆ ದಿನಗಳು’ ಚಿತ್ರ ಹುಟ್ಟಿದ್ದು ಅದರಿಂದ. ಜಯರಾಜನ ಮೇಲಿನ ದಿನಗಳು 2022ರಲ್ಲಿ ‘ಹೆಡ್ ಬುಷ್’ ಆಗಿ ತೆರೆಗೆ ಬಂದವು. ಪರದೆಯ ಮೇಲೆ ಪೆಟ್ಟಿಗೆ ಸಂಗೀತ ಇರುತ್ತದೆ. ಪೆಟ್ಟು ತಿಂದ ಅಂಗಡಿಯವನ ಮನೆ ಅಲ್ಲಿ ಕಾಣಿಸುವುದಿಲ್ಲ.

‘ರೌಡಿ ಶೀಟರ್’ ಎಂಬ ಮಾತನ್ನೂ ಇಲ್ಲಿ ಬಿಡಿಸಿ ಹೇಳಬೇಕು. ರೌಡಿ ಶೀಟ್ ಎಂದರೆ ನ್ಯಾಯಾಲಯದ ತೀರ್ಪಲ್ಲ. ಠಾಣೆಯಲ್ಲಿ ಪೊಲೀಸರು ತಾವಾಗಿ ತೆರೆದು, ಆತನ ಚಲನವಲನ ಬರೆದಿಡುವ ಕಡತ. ಒಂದೇ ಒಂದು ಶಿಕ್ಷೆಯಾಗದವನ ಹೆಸರಲ್ಲೂ ಅದಿರಬಹುದು. ಗೂಂಡಾ ಕಾಯ್ದೆ ಎಂದು ಜನ ಕರೆಯುವ 1985ರ ಕಾನೂನು ಇನ್ನೂ ಮುಂದೆ ಹೋಗಿ, ವಿಚಾರಣೆಯಿಲ್ಲದೆ ಮುಂಚಿತವಾಗಿ ಬಂಧಿಸಿಡುವ ಅಧಿಕಾರ ಕೊಟ್ಟಿತು. ಮುಷ್ಟಿಯನ್ನು ಸಾಕಿದ ಸರ್ಕಾರವೇ ಅದನ್ನು ಹಿಡಿದಿಡಲು ಹೊಸ ಕಾನೂನು ಮಾಡಬೇಕಾಗಿ ಬಂತು.

ಲಾಲ್‌ಬಾಗ್ ಬಳಿಯ ಆ ಕೊಲೆಯ ಪ್ರಕರಣದಲ್ಲಿ ಮುತ್ತಪ್ಪ ರೈ ಹೆಸರು ಕೇಳಿಬಂತು. 2002ರಲ್ಲಿ ದುಬೈಯಿಂದ ಕರೆತಂದ ಮೇಲೆ ಎದುರಿಸಿದ ಮೊಕದ್ದಮೆಗಳಲ್ಲಿ ರೈ ಖುಲಾಸೆಯಾದರು. 2020ರಲ್ಲಿ ತೀರಿಕೊಂಡರು. 1990ರಲ್ಲಿ ಆಯಿಲ್ ಕುಮಾರನೂ ಕೊಲೆಯಾದ. ಬಂದೂಕಿಗೆ ಗರಡಿಯ ಸಾಮು ಬೇಕಿಲ್ಲ. ಹತ್ತು ಜನರನ್ನು ಬರಿಗೈಯಲ್ಲಿ ಎದುರಿಸಬಲ್ಲ ಎಂಬ ಖ್ಯಾತಿಗೆ ಅದರ ಮುಂದೆ ಕಿಮ್ಮತ್ತಿಲ್ಲ. ಪೇಟೆಯ ಮಾಮೂಲು, ಎಣ್ಣೆಯ ಕಲಬೆರಕೆ ಎರಡನ್ನೂ ಹಿಂದಿಕ್ಕಿ ಜಮೀನಿನ ದುಡ್ಡು ಮೇಲೆ ಬಂತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲಂತೂ ಹೆಬ್ಬಾಳ, ಯಲಹಂಕದ ಹೊಲ, ತೋಟಗಳ ಬೆಲೆ ಏರಿ, ಉತ್ತರದ ಕಡೆ ವ್ಯಾಜ್ಯದ ನಿವೇಶನಗಳ ‘ಸೆಟಲ್‌ಮೆಂಟ್’ ಎಂಬ ಮಾತು ಮನೆಮಾತಾಯಿತು. ಈ ಕೆಲಸಕ್ಕೆ ತೋಳಿಗಿಂತ ಫೋನು, ಕಾಗದಪತ್ರ ಹೆಚ್ಚು ಬೇಕು.

ಶೇಷಾದ್ರಿ ರಸ್ತೆಯ ಜೈಲು ಪರಪ್ಪನ ಅಗ್ರಹಾರಕ್ಕೆ ಹೋಯಿತು. ಹಳೆಯ ಆವರಣ 2008ರಲ್ಲಿ ‘ಫ್ರೀಡಂ ಪಾರ್ಕ್’ ಆಗಿ ತೆರೆಯಿತು. ಕಾವಲು ಗೋಪುರ, ಕೆಲವು ಬ್ಯಾರಕ್ಕುಗಳನ್ನು ಹಾಗೆಯೇ ಉಳಿಸಿದ್ದಾರೆ. ಬೆಳಿಗ್ಗೆ ಅಲ್ಲಿ ವಾಯುವಿಹಾರದವರು ಸುತ್ತುತ್ತಾರೆ. ಹೊತ್ತೇರಿದ ಮೇಲೆ ಬಾವುಟ ಹಿಡಿದು ಧರಣಿಯವರು ಬಂದು ಕೂರುತ್ತಾರೆ.