ಬೀದಿಯಿಂದ ಮನೆಗೆ ಬಂದ ನಾಯಿ: ಶ್ರಾವಕರ ಮನೆಯಲ್ಲಿ ಪಾಲನೆ ಹೇಗೆ?

ಬಸವೇಶ್ವರನಗರದಂತಹ ಬಡಾವಣೆಯಲ್ಲಿ ಬೀದಿಯಿಂದ ರಕ್ಷಿಸಿದ ಮಿಶ್ರತಳಿ ನಾಯಿಯನ್ನು ದತ್ತು ಪಡೆಯುವ ಜೈನ ಕುಟುಂಬಕ್ಕೆ ಮುಖ್ಯವಾಗಿ ಎರಡು ಪ್ರಶ್ನೆಗಳು: ಅದರ ಚುರುಕುತನ ಮತ್ತು ಆಹಾರ.

ಸಾಯುತ್ತಿದ್ದ ನಾಯಿಗೆ ಜೀವಂಧರ ಕುಮಾರನು ಪಂಚನಮಸ್ಕಾರ ಮಂತ್ರ ಕೇಳಿಸಿದನು, ಅದು ಸುದರ್ಶನ ಯಕ್ಷನಾಗಿ ಜನಿಸಿತು ಎಂಬ ಕಥೆ ನಮ್ಮಲ್ಲಿ ಪ್ರಸಿದ್ಧ. ಪಾಲನೆಯ ರೀತಿಗೆ ತತ್ತ್ವಾರ್ಥಸೂತ್ರವೇ ದಾರಿದೀಪ. ಅಹಿಂಸಾಣುವ್ರತದ ಐದು ಅತಿಚಾರಗಳು: ಬಂಧ, ವಧ (ಹೊಡೆಯುವುದು), ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ.

ಚುರುಕಾದ ನಾಯಿಯನ್ನು ದಿನವಿಡೀ ಕಟ್ಟಿಹಾಕಿದರೆ ಬೊಗಳುತ್ತದೆ, ಸಾಮಾನು ಕಚ್ಚುತ್ತದೆ. ಸಿಟ್ಟಿನಲ್ಲಿ ಕೈ ಎತ್ತುವಂತಾಗುತ್ತದೆ. ಹೀಗೆ ಬಂಧವೇ ವಧಕ್ಕೆ ದಾರಿ. ಬೆಳಿಗ್ಗೆ, ಸಂಜೆ ನಡಿಗೆ ಮತ್ತು ಆಟ ಇದಕ್ಕೆ ಪರಿಹಾರ.

ನಾಯಿ ಪಶುವೈದ್ಯರ ಸಲಹೆಯಂತೆ ಸಮತೋಲಿತ ಸಸ್ಯಾಹಾರದಲ್ಲಿ ಬದುಕಬಲ್ಲದು. ಆದರೆ ಬರೀ ಹಾಲು-ಅನ್ನ ಸಾಲದು. ಪೋಷಣೆ ಕೊರತೆಯಾದರೆ ಅದೂ ಅನ್ನಪಾನನಿರೋಧಕ್ಕೆ ಸಮ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಜೈನ ಅಡುಗೆಮನೆಯಲ್ಲಿ ಆ ಚಿಂತೆ ಕಡಿಮೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಕೊಡಬಾರದು.

ರೇಬಿಸ್ ಲಸಿಕೆ, ಪಾಲಿಕೆಯ ಪರವಾನಗಿ ಮರೆಯಬಾರದು. ನಗರದಲ್ಲಿ 1991ರಿಂದಿರುವ ಕ್ಯೂಪಾ ಸಂಸ್ಥೆ ನಾಯಿಗಳನ್ನು ದತ್ತು ಕೊಡುತ್ತದೆ. ಇದು ಹತ್ತು-ಹನ್ನೆರಡು ವರ್ಷಗಳ ಹೊಣೆ. ಮನೆಯ ಹಿರಿಯರೂ ಒಪ್ಪಿದ ಮೇಲೆಯೇ ಕರೆತರುವುದು ಲೇಸು. ಸಾಕಿದ ನಾಯಿಯನ್ನು ಮತ್ತೆ ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು.