ಜನಸಂದಣಿಯ ನಡುವೆ ವಾಹನಗಳು

ಸಾವಿರಾರು ಮಂದಿ ಒಂದೇ ಬಯಲಿನಲ್ಲಿ ಕಾಲ್ನಡೆಯಿಂದ ಸಂಚರಿಸುವ ಸಂದರ್ಭಗಳು ನಮ್ಮ ನಾಡಿಗೆ ಹೊಸವಲ್ಲ. ನೆರೆಯ ಕುಂಬಳೆಯ ಶ್ರೀ ಗೋಪಾಲಕೃಷ್ಣ ದೇವಸ್ಥಾನದ ಉತ್ಸವಕ್ಕೆ, ವಿಶೇಷವಾಗಿ ಬೆಡಿಯ ರಾತ್ರಿ, ಪ್ರತಿವರ್ಷ ಜನವರಿಯಲ್ಲಿ ಸುತ್ತಮುತ್ತಲಿನ ಊರುಗಳೆಲ್ಲ ಬರಿದಾಗುವುದುಂಟು. 1992ರ ಬಳಿಕ 2025ರಲ್ಲಿ ಮಧೂರಿನಲ್ಲಿ ಮೂಡಪ್ಪ ಸೇವೆ ನಡೆದಾಗ ನೆರೆದ ಜನಸ್ತೋಮವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಕಂಡಿದ್ದಾರೆ. 2019ರ ನವೆಂಬರ್ 28ರಿಂದ ಡಿಸೆಂಬರ್ 1ರ ವರೆಗೆ ಕಾಞಂಗಾಡಿನಲ್ಲಿ ಜರಗಿದ ರಾಜ್ಯ ಶಾಲಾ ಕಲೋತ್ಸವದ ನೆನಪು ಹಿರಿಯ ವಿದ್ಯಾರ್ಥಿಗಳಿಗೆ ಇನ್ನೂ ಇರಬಹುದು. ವರ್ಷವರ್ಷವೂ ಬರುವ ಉಪಜಿಲ್ಲಾ ಕಲೋತ್ಸವವಂತೂ ನಮ್ಮ ಮನೆಯ ಹಬ್ಬವೇ ಸರಿ.

ಹೊಸದಾದುದು ಜನಸಂದಣಿಯಲ್ಲ, ಅದರ ನಡುವೆ ನುಗ್ಗುವ ಯಂತ್ರವಾಹನಗಳು. ಚಪ್ಪರದ ಬಾಗಿಲ ತನಕ ಸ್ಕೂಟರಿನಲ್ಲೇ ಬಂದಿಳಿಯುವುದು ಈಗ ಸಾಮಾನ್ಯವಾಗಿದೆ. ಇದರೊಂದಿಗೆ ಬಾಗಿಲಿಲ್ಲದ, ಮೇಲೊಂದು ಮಾಡು ಮಾತ್ರವಿರುವ ಬ್ಯಾಟರಿ ಗಾಡಿಯೂ ದೊಡ್ಡ ಸಮಾರಂಭಗಳಲ್ಲಿ ಕಾಣಿಸಿಕೊಳ್ಳತೊಡಗಿದೆ. ಗಾಲ್ಫ್ ಎಂಬ ಚೆಂಡಾಟದ ವಿಶಾಲವಾದ ಮೈದಾನದಲ್ಲಿ ಆಟಗಾರರನ್ನೂ ಅವರ ಸಲಕರಣೆಗಳನ್ನೂ ಒಯ್ಯುವುದಕ್ಕಾಗಿ ನಿರ್ಮಾಣವಾದ ಗಾಡಿಯಿದು. ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ ಮೈಸೂರಿನ ಮೃಗಾಲಯದಲ್ಲಿಯೂ ಇದರ ದೊಡ್ಡ ರೂಪವನ್ನು ಕಾಣಬಹುದು. ನಡೆಯಲಾರದ ವೃದ್ಧರಿಗೆ ಅದರಿಂದಾಗುವ ಉಪಕಾರ ಅಲ್ಪವಲ್ಲ. ಆದುದರಿಂದ ಇಂತಹ ಗಾಡಿಗಳೇ ಬೇಡವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ನಡೆಯುವವರ ನಡುವೆ ಅವು ಯಾವ ರೀತಿಯಲ್ಲಿ ವರ್ತಿಸತಕ್ಕುದು, ಏಕೆ ಹಾಗೆ ವರ್ತಿಸತಕ್ಕುದು ಎಂಬುದನ್ನು ವಿವರಿಸುವುದೇ ಈ ಲೇಖನದ ಗುರಿ.

ಲಾಲ್‌ಬಾಗಿನ ಹೆಸರೆತ್ತಿದಾಗ ಒಂದು ಹಳೆಯ ಸಂಗತಿಯನ್ನು ಹೇಳಬೇಕಾಗುತ್ತದೆ. ಅಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವ ಗಾಜಿನ ಮನೆಗೆ 1889ರಲ್ಲಿ ಅಸ್ತಿವಾರ ಹಾಕಲಾಯಿತು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಎಂಬ ಸ್ಫಟಿಕದಂತಹ ಭವನವೇ ಅದಕ್ಕೆ ಮಾದರಿ. ಆ ಮೂಲ ಭವನದ ಉದ್ಯಾನದಲ್ಲಿ 1896ರ ಆಗಸ್ಟ್ 17ರಂದು, ನೃತ್ಯಪ್ರದರ್ಶನವನ್ನು ನೋಡುವುದಕ್ಕೆಂದು ಮಗಳೊಂದಿಗೆ ಬಂದಿದ್ದ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಗೃಹಿಣಿಗೆ ಮೋಟಾರುಗಾಡಿಯೊಂದು ಬಡಿದು ಆಕೆ ಮೃತಳಾದಳು. ಬ್ರಿಟನ್ನಿನಲ್ಲಿ ಮೋಟಾರುಕಾರಿಗೆ ಸಿಕ್ಕಿ ಸತ್ತ ಪಾದಚಾರಿಗಳಲ್ಲಿ ಆಕೆಯೇ ಮೊದಲಿಗಳೆಂದು ಹೇಳುತ್ತಾರೆ. ಈ ದುರಂತ ನಡೆದುದು ರಾಜಮಾರ್ಗದಲ್ಲಲ್ಲ, ಜನರು ವಿನೋದಕ್ಕಾಗಿ ನೆರೆದಿದ್ದ ಬಯಲಿನಲ್ಲಿ. ಗಾಡಿಯೂ ಯಾರದೋ ಅವಸರದ ಕೆಲಸಕ್ಕೆ ಹೊರಟುದಲ್ಲ, ನೋಡಲು ಬಂದವರನ್ನು ಕುಳ್ಳಿರಿಸಿ ಸುತ್ತಾಡಿಸುತ್ತಿದ್ದ ಪ್ರದರ್ಶನದ ಗಾಡಿ. ತಾನು ಗಂಟೆಗೆ ನಾಲ್ಕು ಮೈಲಿ ವೇಗದಲ್ಲಿ ಹೋಗುತ್ತಿದ್ದೆನೆಂದು ಚಾಲಕನು ಹೇಳಿದನು. ನೋಡಿದವರು ಅದಕ್ಕಿಂತ ಬಹಳ ಹೆಚ್ಚೆಂದರು. ಆಕೆಯಾದರೋ ಎತ್ತ ಸರಿಯಬೇಕೆಂದು ತೋಚದೆ ಕಕ್ಕಾಬಿಕ್ಕಿಯಾಗಿ ನಿಂತುಬಿಟ್ಟಿದ್ದಳಂತೆ. ವಿಚಾರಣೆಯಲ್ಲಿ ಅದು ಆಕಸ್ಮಿಕವೆಂದು ತೀರ್ಮಾನವಾಯಿತು. ಇಂತಹುದು ಇನ್ನೊಮ್ಮೆ ನಡೆಯದಿರಲೆಂದು ವಿಚಾರಣಾಧಿಕಾರಿಯು ಆಶಿಸಿದನೆಂದು ಪ್ರಸಿದ್ಧಿ. ಆ ಆಶೆಯ ಗತಿ ಏನಾಯಿತೆಂಬುದನ್ನು ನಾವು ಬರೆಯಬೇಕಾಗಿಲ್ಲ.

ಆ ದೇಶದಲ್ಲಿ 1865ರ ಒಂದು ಶಾಸನವಿತ್ತು. ತಾನಾಗಿ ಚಲಿಸುವ ಗಾಡಿಯ ಮುಂದೆ ಅರುವತ್ತು ಗಜ ದೂರದಲ್ಲಿ ಒಬ್ಬನು ಕೆಂಪು ಬಾವುಟ ಹಿಡಿದು ನಡೆಯತಕ್ಕುದು. ಊರೊಳಗೆ ವೇಗವು ಗಂಟೆಗೆ ಎರಡು ಮೈಲಿಯನ್ನು ಮೀರತಕ್ಕುದಲ್ಲ. 1878ರಲ್ಲಿ ಬಾವುಟದ ಕಡ್ಡಾಯ ಸಡಿಲವಾಯಿತು. 1896ರ ಹೊಸ ಶಾಸನವು ಹಗುರವಾದ ಗಾಡಿಗಳ ಮುಂದಿನ ಆಳನ್ನು ತೆಗೆದು, ವೇಗದ ಮಿತಿಯನ್ನು ಹದಿನಾಲ್ಕು ಮೈಲಿಗೆ ಏರಿಸಿತು. ಹಳೆಯ ಶಾಸನವನ್ನು ಹಾಸ್ಯ ಮಾಡುವುದು ಈಗಿನವರ ವಾಡಿಕೆ. ಹೆದ್ದಾರಿಯ ಮಟ್ಟಿಗೆ ಅದು ಹಾಸ್ಯಾಸ್ಪದವೇ ಹೌದು. ಜಾತ್ರೆಯ ಗದ್ದೆಯ ಮಟ್ಟಿಗೆ ಮಾತ್ರ ಅದರಲ್ಲಿ ವಿವೇಕವಿತ್ತೆಂದು ನಮ್ಮ ಅಭಿಪ್ರಾಯ.

ಇದಕ್ಕೆ ಕಾರಣವನ್ನು ಒಂಬತ್ತನೆಯ ತರಗತಿಯ ವಿಜ್ಞಾನವೇ ಹೇಳುತ್ತದೆ. ಚಲಿಸುವ ವಸ್ತುವಿನ ಶಕ್ತಿಯು ಅದರ ತೂಕಕ್ಕೆ ಅನುಗುಣವಾಗಿಯೂ ವೇಗದ ವರ್ಗಕ್ಕೆ ಅನುಗುಣವಾಗಿಯೂ ಹೆಚ್ಚುತ್ತದೆ. ಮನುಷ್ಯನು ಸಾಧಾರಣವಾಗಿ ಗಂಟೆಗೆ 5 ಕಿಲೋಮೀಟರ್ ನಡೆಯುತ್ತಾನೆ. ಸ್ಕೂಟರು ಅದೇ ವೇಗದಲ್ಲಿ ಸಾಗುವುದಕ್ಕೂ 20 ಕಿಲೋಮೀಟರ್ ವೇಗದಲ್ಲಿ ಸಾಗುವುದಕ್ಕೂ ನಾಲ್ಕು ಪಟ್ಟು ಮಾತ್ರ ವ್ಯತ್ಯಾಸವೆಂದು ಮೇಲುನೋಟಕ್ಕೆ ತೋರುತ್ತದೆ. ಶಕ್ತಿಯನ್ನು ಲೆಕ್ಕ ಹಾಕಿದರೆ ಹದಿನಾರು ಪಟ್ಟು! ನಿಲ್ಲಿಸುವ ದೂರವನ್ನೂ ಗುಣಿಸಿ ನೋಡೋಣ. ಅಡ್ಡ ಬಂದ ಮಗುವನ್ನು ಕಂಡು ಕೈ ಬ್ರೇಕಿಗೆ ಹೋಗುವುದಕ್ಕೆ ಒಂದು ಸೆಕೆಂಡು ಎಂದಿಟ್ಟುಕೊಂಡರೆ, ಅಷ್ಟರಲ್ಲೇ 20 ಕಿಲೋಮೀಟರ್ ವೇಗದ ವಾಹನವು ಐದೂವರೆ ಮೀಟರ್ ಮುಂದೆ ಸಾಗಿರುತ್ತದೆ. ಅನಂತರ ಬ್ರೇಕು ಹಿಡಿದು ನಿಲ್ಲುವುದಕ್ಕೆ ಇನ್ನೂ ಸುಮಾರು ಐದು ಮೀಟರ್ ಬೇಕು. ಒಟ್ಟಿಗೆ ನಮ್ಮ ತರಗತಿಯ ಕೋಣೆಯ ಉದ್ದಕ್ಕಿಂತ ಹೆಚ್ಚಾಯಿತು. ನಡಿಗೆಯ ವೇಗದಲ್ಲಿಯಾದರೆ ಎರಡು ಮೀಟರಿನೊಳಗೆ ನಿಂತುಬಿಡುತ್ತದೆ. ಈ ಲೆಕ್ಕ ಗಟ್ಟಿಯಾದ ಒಣ ನೆಲದ್ದು. ಕೊಯ್ಲಾದ ಗದ್ದೆಯ ಹುಡಿಮಣ್ಣಿನಲ್ಲಿಯೂ ಕಡಲತೀರದ ಹೊಯಿಗೆಯಲ್ಲಿಯೂ ಗಾಲಿ ಜಾರುವುದರಿಂದ ದೂರ ಇನ್ನಷ್ಟು ಬೆಳೆಯುತ್ತದೆ.

ಬ್ಯಾಟರಿ ಗಾಡಿ ಮೆಲ್ಲನೆ ಹೋಗುತ್ತದೆ, ಅದರಿಂದೇನು ಅಪಾಯ ಎಂದು ಕೇಳುವವರುಂಟು. ಸಣ್ಣ ಗಾಡಿಯೇ ನಾನೂರು ಐನೂರು ಕಿಲೋ ತೂಗುತ್ತದೆ. ಐದು ಮಂದಿ ಕುಳಿತರೆ ಎಂಟುನೂರರ ಹತ್ತಿರ ಬರುತ್ತದೆ. ಅಷ್ಟು ಭಾರದ ಗಾಡಿ ಬರಿಯ 10 ಕಿಲೋಮೀಟರ್ ವೇಗದಲ್ಲಿ ಹೊತ್ತಿರುವ ಶಕ್ತಿ, ಸವಾರನೊಬ್ಬನನ್ನು ಹೊತ್ತು 20 ಕಿಲೋಮೀಟರ್ ವೇಗದಲ್ಲಿ ಧಾವಿಸುವ ಸ್ಕೂಟರಿನ ಶಕ್ತಿಗಿಂತ ಹೆಚ್ಚು. ತೂಕಗಳನ್ನು ತಾವೇ ಹಾಕಿ ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಬಹುದು. ಇದಲ್ಲದೆ, ಗಾಲ್ಫ್ ಮೈದಾನದ ಗಾಡಿಗಳಲ್ಲಿ ಹೆಚ್ಚಿನವುಗಳಿಗೆ ಬ್ರೇಕು ಹಿಂದಿನ ಗಾಲಿಗಳಿಗೆ ಮಾತ್ರ. ಬಾಗಿಲಿಲ್ಲದ ಕಾರಣ ತಿರುವಿನಲ್ಲಿ ಅಂಚಿಗೆ ಕುಳಿತ ಮಗು ಹೊರಕ್ಕೆ ಉರುಳುವುದೂ ಸಾಧ್ಯ. ಇನ್ನೊಂದು ಸೂಕ್ಷ್ಮವನ್ನು ಹೆತ್ತವರು ಅಗತ್ಯವಾಗಿ ತಿಳಿದಿರಬೇಕು. ಎಂಜಿನ್ನಿನ ಗಾಡಿ ಚಾಲೂ ಇದ್ದರೆ ಗುಡುಗುಡು ಸದ್ದು ಕೇಳಿಸುತ್ತದೆ. ಬ್ಯಾಟರಿ ಗಾಡಿ ಕೀಲಿಕೈ ತಿರುಗಿಸಿದ ಸ್ಥಿತಿಯಲ್ಲಿಯೂ ಸತ್ತಂತೆ ನಿಂತಿರುತ್ತದೆ. ಚಾಲಕನು ಇಳಿದು ಮಾತಿಗೆ ನಿಂತಾಗ ಆಟದ ಸಾಮಾನೆಂದು ತಿಳಿದು ಮಗುವೊಂದು ಹತ್ತಿ ಪಾದದಡಿಯ ಒತ್ತುಪಟ್ಟಿಯನ್ನು ಮೆಟ್ಟಿದರೆ ಅದು ಜನರ ಮೇಲೆಯೇ ಹರಿದೀತು. ಚಾಲಕನು ಇಳಿಯುವಾಗ ಕೀಲಿಕೈ ಅವನ ಜೇಬಿನಲ್ಲಿರಲೇಬೇಕು.

ಸದ್ದಿಲ್ಲದಿರುವುದನ್ನು ಈ ಗಾಡಿಗಳ ದೊಡ್ಡ ಗುಣವೆಂದು ಹೊಗಳುತ್ತಾರೆ. ಆದರೆ ಜಾತ್ರೆಗೆ ಬಂದವನ ಕಣ್ಣು ಸಂತೆಯ ಅಂಗಡಿಗಳ ಮೇಲೆಯೋ ತೊಟ್ಟಿಲಿನ ಮೇಲೆಯೋ ಇರುತ್ತದೆ. ಬೆನ್ನ ಹಿಂದಿನಿಂದ ಬರುವುದನ್ನು ಅವನಿಗೆ ತಿಳಿಸಬಲ್ಲುದು ಕಿವಿಯೊಂದೇ. ಕಣ್ಣು ಕಾಣದವರಿಗಂತೂ ಎಲ್ಲೆಲ್ಲಿಯೂ ಕಿವಿಯೇ ಆಧಾರ. ಈ ಕಾರಣದಿಂದಲೇ ಐರೋಪ್ಯ ಒಕ್ಕೂಟದಲ್ಲಿ, 2021ರ ಜುಲೈಯಿಂದ ಮಾರಾಟಕ್ಕೆ ಬರುವ ಪ್ರತಿಯೊಂದು ಹೊಸ ವಿದ್ಯುತ್ ಕಾರೂ ಗಂಟೆಗೆ 20 ಕಿಲೋಮೀಟರಿನ ವರೆಗಿನ ವೇಗದಲ್ಲಿ ಕೃತಕವಾದ ಸದ್ದನ್ನು ಹೊರಡಿಸಬೇಕೆಂದು ನಿಯಮವಾಗಿದೆ. ಹಾಗಾದರೆ ಹಾರ್ನ್ ಬಾರಿಸುತ್ತ ಹೋದರಾಯಿತಲ್ಲ ಎನ್ನಬಹುದು. ಸಂದಣಿಯಲ್ಲಿ ಹಾರ್ನ್ ಕೇಳಿದವನು ಬೆಚ್ಚಿ ಬೀಳುತ್ತಾನೆ. ಸದ್ದು ಎತ್ತಣಿಂದ ಬಂತೆಂದು ತಿಳಿಯದೆ ಒಬ್ಬನು ಎಡಕ್ಕೂ ಇನ್ನೊಬ್ಬನು ಬಲಕ್ಕೂ ಹಾರುತ್ತಾನೆ. ತಾಯಿ ಒಂದು ಕಡೆ, ಮಗು ಒಂದು ಕಡೆ! ಜನರು ಬಹಳ ದಟ್ಟವಾಗಿದ್ದಲ್ಲಿ ಸರಿಯುವುದಕ್ಕೆ ಸ್ಥಳವೇ ಇರುವುದಿಲ್ಲ. ಒಂದು ಚದರ ಮೀಟರಿನಲ್ಲಿ ಒಬ್ಬಿಬ್ಬರಿದ್ದರೆ ಹಾದಿ ಬಿಡಬಲ್ಲರು. ನಾಲ್ಕು ಮಂದಿಯಾದರೆ ಕಾಲೆಳೆಯುತ್ತ ಸಾಗುವುದೇ ಕಷ್ಟ. ಅಂತಹ ಕಡೆ ಗಾಡಿ ತನಗಾಗಿ ಮಾಡಿಕೊಳ್ಳುವ ದಾರಿಯು ಇತರರನ್ನು ಒತ್ತಿ ಮಾಡಿದ ದಾರಿ. ಆ ಒತ್ತಡವು ಸಾಲಿನಿಂದ ಸಾಲಿಗೆ ಹಬ್ಬಿ, ಗಾಡಿಯನ್ನು ಕಾಣದೆ ಗದ್ದೆಯ ಹುಣಿಯ ಅಂಚಿನಲ್ಲಿ ನಿಂತವನನ್ನು ಕೆಳಕ್ಕೆ ಕೆಡಹಬಹುದು.

ಜನರ ನಡುವೆ ಭಾರಿ ಗಾಲಿಗಳನ್ನು ನಡೆಯಿಸುವ ವಿದ್ಯೆ ನಮ್ಮವರಿಗೆ ತಿಳಿಯದುದಲ್ಲ. ರಥೋತ್ಸವವನ್ನು ನೋಡಿರಿ. ಬ್ರಹ್ಮರಥದ ಭಾರದ ಮುಂದೆ ಬ್ಯಾಟರಿ ಗಾಡಿ ಎಷ್ಟರದು? ಆದರೂ ರಥವು ಎಳೆಯುವವರ ನಡಿಗೆಗಿಂತ ಬೇಗ ಹೋಗಲಾರದು. ಅದು ಹೊರಡುವ ಮುನ್ನ ವಾದ್ಯಗಳ ಘೋಷವಾಗುತ್ತದೆ, ಎಲ್ಲರ ಮುಖವೂ ಅದರತ್ತ ತಿರುಗಿರುತ್ತದೆ, ಹೋಗುವ ಬೀದಿ ಯಾವುದೆಂದು ಊರಿಗೆಲ್ಲ ಗೊತ್ತು. ಚಕ್ರದ ಬಳಿಯಲ್ಲಿ ಮರದ ಬೆಣೆಗಳನ್ನು ಹಿಡಿದ ಅನುಭವಸ್ಥರು ಇರುತ್ತಾರೆ, ಅವರ ಮಾತಿಗೆ ಎದುರಾಡುವವರಿಲ್ಲ. ಇಷ್ಟಿದ್ದೂ ಚಕ್ರದ ಸಮೀಪಕ್ಕೆ ನುಗ್ಗಿದವರು ಪ್ರಾಣ ಕಳೆದುಕೊಂಡ ಉದಾಹರಣೆಗಳುಂಟು. ಎದುರಾದುದನ್ನೆಲ್ಲ ಅರೆದು ಮುನ್ನುಗ್ಗುವ ಶಕ್ತಿಗೆ ಇಂಗ್ಲಿಷರು ಜಗ್ಗರ್ನಾಟ್ ಎನ್ನುತ್ತಾರೆ. ಪುರಿಯ ಜಗನ್ನಾಥನ ರಥದಿಂದ ಹುಟ್ಟಿದ ಆ ಶಬ್ದ ದೇವರಿಗೆ ನ್ಯಾಯ ಸಲ್ಲಿಸಿಲ್ಲವಾದರೂ ಚಕ್ರದ ಭಯವನ್ನು ಬಲ್ಲುದು. ನಡಿಗೆಯ ವೇಗ, ಮುಂದೆ ನಡೆಯುವ ಆಳು, ಮೊದಲೇ ಗೊತ್ತಾದ ದಾರಿ, ಎಚ್ಚರಿಕೆಯ ದನಿ: ರಥಕ್ಕೆ ಇರುವ ಈ ನಾಲ್ಕರಲ್ಲಿ ಒಂದೂ ಇಲ್ಲದೆ ಸ್ಕೂಟರು ಅದೇ ಜನರ ನಡುವೆ ಸುಳಿದಾಡುತ್ತಿದೆ.

ಕಾನೂನಿನ ವಿಷಯದಲ್ಲಿಯೂ ಹಲವರಿಗೆ ತಪ್ಪು ತಿಳಿವಳಿಕೆಯಿದೆ. ಮೈದಾನವು ರಸ್ತೆಯಲ್ಲ, ಅಲ್ಲಿ ಯಾವ ನಿಯಮವೂ ಅನ್ವಯಿಸದು ಎಂದು ಭಾವಿಸುವವರು 1988ರ ಮೋಟಾರು ವಾಹನ ಕಾಯಿದೆಯನ್ನು ಓದಬೇಕು. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಯಾವ ಸ್ಥಳವೂ, ಅದು ಹಾದುಹೋಗುವ ದಾರಿಯಾಗಿರಲಿ ಇಲ್ಲದಿರಲಿ, ಆ ಕಾಯಿದೆಯ ಪ್ರಕಾರ ಸಾರ್ವಜನಿಕ ಸ್ಥಳವೇ. ಆವರಣಗಳ ಒಳಗೆ ಮಾತ್ರ ಉಪಯೋಗಿಸಲು ತಕ್ಕಂತೆ ಮಾಡಿದ ವಿಶೇಷ ಬಗೆಯ ವಾಹನಗಳನ್ನು ಕಾಯಿದೆಯು ಮೋಟಾರು ವಾಹನವೆಂದು ಗಣಿಸುವುದಿಲ್ಲ, ನಿಜ. ಅಂತಹ ಗಾಡಿಗಳ ವಿಷಯದಲ್ಲಿ ವ್ಯವಸ್ಥಾಪಕ ಸಮಿತಿಯ ಹೊಣೆ ಅಷ್ಟರ ಮಟ್ಟಿಗೆ ಹೆಚ್ಚಾಯಿತೆಂದೇ ತಿಳಿಯಬೇಕು. 0.25 ಕಿಲೋವಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದ ಹಗುರವಾದ ವಿದ್ಯುತ್ ಸ್ಕೂಟರಿಗೆ ಲೈಸೆನ್ಸ್ ಬೇಡ. ಆದರೆ ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಅದು ಯಾರಿಗೂ ಬಡಿಯದೆಂದು ಸರಕಾರವು ಭರವಸೆ ಕೊಟ್ಟಿಲ್ಲ! ಉಳಿದ ಸ್ಕೂಟರುಗಳನ್ನು ಹದಿನೆಂಟು ತುಂಬದವರು ನಡೆಸುವಂತಿಲ್ಲ. ಐವತ್ತು ಸಿ.ಸಿ. ಮೀರದ ಎಂಜಿನ್ನಿನ ವಾಹನಕ್ಕೆ ಮಾತ್ರ ಲೈಸೆನ್ಸ್ ಪಡೆದ ಹದಿನಾರು ತುಂಬಿದವರಿಗೆ ವಿನಾಯಿತಿಯುಂಟು.

ಇಲ್ಲಿ ಹೆತ್ತವರಲ್ಲಿ ನಮ್ಮದೊಂದು ಬಿನ್ನಹ. ಕಲೋತ್ಸವದ ದಿನ ಊಟದ ಬುತ್ತಿಯನ್ನೋ ಮರೆತುಬಂದ ಗೆಜ್ಜೆಯನ್ನೋ ತರುವುದಕ್ಕೆ ಹದಿನಾಲ್ಕು ವರ್ಷದ ಹುಡುಗನ ಕೈಗೆ ಸ್ಕೂಟರಿನ ಕೀಲಿಕೈ ಕೊಡುವ ಹಿರಿಯರಿದ್ದಾರೆ. 2019ರಲ್ಲಿ ಕಾಯಿದೆಗೆ ಸೇರಿಸಿದ 199ಎ ಎಂಬ ವಿಧಿಯ ಪ್ರಕಾರ, ಬಾಲಕನು ಅಪರಾಧವೆಸಗಿದರೆ ರಕ್ಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷಗಳ ವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವ ತನಕ ಲೈಸೆನ್ಸ್ ದೊರೆಯದು. ಅವನು ಬಡಿದುದು ತನ್ನದೇ ತರಗತಿಯ ಸ್ನೇಹಿತನಿಗಾದರೆ ಉಂಟಾಗುವ ವ್ಯಥೆಗೆ ಯಾವ ವಿಧಿಯಲ್ಲಿಯೂ ಲೆಕ್ಕವಿಲ್ಲ.

ವ್ಯವಸ್ಥಾಪಕರು ಮಾಡಬಹುದಾದುದು ಬಹಳ ವೆಚ್ಚದ ಕೆಲಸವೇನಲ್ಲ. ಸ್ಕೂಟರುಗಳೆಲ್ಲ ಬಯಲಿನ ಅಂಚಿನ ಗದ್ದೆಯಲ್ಲೇ ನಿಲ್ಲಲಿ. ಸಾಮಾನು ತರಲೇಬೇಕಾದವರು ಎಂಜಿನ್ ನಿಲ್ಲಿಸಿ ತಳ್ಳಿಕೊಂಡು ಬರಲಿ. ಬ್ಯಾಟರಿ ಗಾಡಿಗೆ ಹಗ್ಗ ಕಟ್ಟಿ ಪ್ರತ್ಯೇಕ ದಾರಿ ಮಾಡಬೇಕು, ಪಕ್ಕದಲ್ಲಿ ನಡೆಯುವವರಿಗೆ ಸಾಕಷ್ಟು ಅಗಲ ಉಳಿಯಬೇಕು. ಕಾಲುದಾರಿಗೆ ಕಡಿಮೆಯೆಂದರೆ 1.8 ಮೀಟರ್ ಬೇಕೆಂಬುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ. ಅಷ್ಟು ಉಳಿಯದ ಕಡೆ ಗಾಡಿ ಬೇಡ. ಹಗ್ಗವಿಲ್ಲದ ಕಡೆ ದಾಟುವಾಗ ಗಂಟೆ ಹಿಡಿದ ಸ್ವಯಂಸೇವಕನೊಬ್ಬನು ಮುಂದೆ ನಡೆಯಲಿ, ಗಾಡಿ ಅವನನ್ನು ಹಿಂಬಾಲಿಸಲಿ. ಚಾಲಕನು ಲೈಸೆನ್ಸ್ ಉಳ್ಳ ವಯಸ್ಕನಾಗಿರಲಿ. ಉತ್ಸಾಹಿ ವಿದ್ಯಾರ್ಥಿಗಳಿಗೆ ಈ ಕೆಲಸವನ್ನು ಒಪ್ಪಿಸಲೇಬಾರದು. ವಿಕಲಚೇತನರ ಮೂರು ಗಾಲಿಯ ಕುರ್ಚಿಯನ್ನು ಈ ನಿರ್ಬಂಧಗಳೊಳಗೆ ಸೇರಿಸಕೂಡದು. ಅದು ಅವರ ಕಾಲು, ನಡೆಯುವವರೊಂದಿಗೆ ಅದಕ್ಕೂ ಸಮಾನವಾದ ಹಕ್ಕುಂಟು.

ಗಾಡಿಯಲ್ಲಿ ಯಾರು ಕುಳಿತುಕೊಳ್ಳಬೇಕೆಂಬುದನ್ನೂ ಮೊದಲೇ ನಿಶ್ಚಯಿಸುವುದು ಒಳ್ಳೆಯದು. ಕೋಲೂರಿ ಬರುವ ಅಜ್ಜ ಅಜ್ಜಿಯರು, ಗರ್ಭಿಣಿಯರು, ಅಸ್ವಸ್ಥರು ಇವರಿಗಾಗಿ ತರಿಸಿದ ಗಾಡಿಯಲ್ಲಿ ಸಮಿತಿಯ ಸದಸ್ಯರೂ ಬ್ಯಾಡ್ಜು ಧರಿಸಿದ ಮಹನೀಯರೂ ತಿರುಗುವುದಾದರೆ, ಗಾಡಿಯ ಓಡಾಟ ಅನಾವಶ್ಯಕವಾಗಿ ಇಮ್ಮಡಿಯಾಗುತ್ತದೆ. ಅಧ್ಯಕ್ಷರು ವೇದಿಕೆಯ ತನಕ ನಾಲ್ಕು ಹೆಜ್ಜೆ ನಡೆದುಕೊಂಡು ಬಂದರೆ ಸಭೆಯ ಗೌರವಕ್ಕೆ ಕುಂದಿಲ್ಲವೆಂದು ವಿನಯಪೂರ್ವಕವಾಗಿ ಸೂಚಿಸುತ್ತೇವೆ.

ಬೆಡಿಯಂತಹ ರಾತ್ರಿಯ ಕಾರ್ಯಕ್ರಮಗಳಿಗೆ ಇನ್ನೊಂದು ಏರ್ಪಾಡು ಅಗತ್ಯ. ಆಗ ಎಲ್ಲರ ಕಣ್ಣೂ ಆಕಾಶದಲ್ಲಿರುತ್ತದೆ, ನೆಲ ಕತ್ತಲು, ಸಿಡಿತದ ಸದ್ದಿನಲ್ಲಿ ಗಂಟೆಯೂ ಕೇಳಿಸದು. ಬೆಡಿ ಆರಂಭವಾಗುವುದಕ್ಕೆ ಅರ್ಧ ಗಂಟೆ ಮೊದಲೇ ಗಾಡಿಗಳನ್ನು ನಿಲ್ಲಿಸಿ ಕೀಲಿಕೈ ತೆಗೆದಿರಿಸಬೇಕು. ಮುಗಿದೊಡನೆ ಜನರೆಲ್ಲ ಒಮ್ಮೆಲೇ ಹೊರಡುವರಾದುದರಿಂದ ಬಯಲು ತೆರವಾಗುವ ತನಕ ಅವು ಅಲ್ಲಿಂದ ಕದಲಕೂಡದು. ಅಷ್ಟು ಹೊತ್ತು ವೃದ್ಧರಿಗೆ ಕುಳಿತುಕೊಳ್ಳಲು ಬೆಂಚು, ಕುಡಿಯಲು ನೀರು, ಜೊತೆಗೆ ಮಾತನಾಡುತ್ತ ಕುಳಿತಿರಲು ಇಬ್ಬರು ವಿದ್ಯಾರ್ಥಿಗಳು ಇದ್ದರೆ ಸಾಕಾಗುತ್ತದೆ.